ಬೇರೆ ಬೇರೆ ವಸಾಹತುಗಳು ಒಂದೇ ದೇಶ ಆಗುವುದು ಯಾಕೆ? ಟಿಪ್ಪಣಿ ಪುಸ್ತಕದ ಉತ್ತರ ಸಾಲುತ್ತಿಲ್ಲ

ಶಂಕರಪುರ_ಮಲ್ಲಿಗೆ ಕೇಳಿದ್ದು:

ಉಡುಪಿಯಲ್ಲಿ ಪಿಯು ಮಕ್ಕಳ ಚರ್ಚಾಕೂಟಕ್ಕೆ ಈ ವಿಷಯ ಇಟ್ಟಿದ್ದೇವೆ. ಟಿಪ್ಪಣಿ ಪುಸ್ತಕಗಳಲ್ಲೆಲ್ಲ ಒಂದೇ ಸಾಲು: "ರಕ್ಷಣೆ, ವ್ಯಾಪಾರ, ರಾಷ್ಟ್ರೀಯ ಭಾವನೆ". ಇಷ್ಟರಿಂದ ಮಕ್ಕಳಿಗೆ ಎಂತದೂ ಹಿಡಿಯುವುದಿಲ್ಲ. 1900ರಲ್ಲಿ ಆಸ್ಟ್ರೇಲಿಯಾದಲ್ಲಿ ಆರು ವಸಾಹತುಗಳಿದ್ದವು. ಆರಕ್ಕೂ ಸ್ವಂತ ಶಾಸನಸಭೆ, ಸ್ವಂತ ಸುಂಕ, ಸ್ವಂತ ರೈಲು. ಮೇಲೆ ಒಬ್ಬಳೇ ರಾಣಿ, ಆಡುವ ಭಾಷೆಯೂ ಒಂದೇ. ಹೀಗಿರುವಾಗ ಕೈಯಲ್ಲಿದ್ದ ಅಧಿಕಾರ ಬಿಟ್ಟುಕೊಟ್ಟು ಒಂದಾಗುವ ದರ್ದು ಎಂತ ಬಂತು? ಭಾಷೆ ಮತ್ತು ರಾಣಿಯೇ ಕಾರಣವಾಗಿದ್ದರೆ ಐವತ್ತು ವರ್ಷ ಮೊದಲೇ ಆಗಬೇಕಿತ್ತಲ್ಲ? ನ್ಯೂಜಿಲೆಂಡ್ ಹೊರಗೆ ಉಳಿದದ್ದು ಯಾಕೆ? ವೆಸ್ಟ್ ಇಂಡೀಸ್ ಸೇರಿದ ಮೇಲೂ ಒಡೆದದ್ದು ಯಾಕೆ? ಇಸವಿ, ಅಂಕಿ ಸಮೇತ ತಿಳಿದವರು ದಯವಿಟ್ಟು ಬರೆಯಿರಿ.

ಬಂದರು_ಧಕ್ಕೆ:

ಭಾವನೆಯಿಂದ ಸುರು ಮಾಡಬೇಡಿ ಮಾರಾಯ್ರೆ, ನದಿಯಿಂದ ಸುರು ಮಾಡಿ. ಮರ್ರೆ ನದಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾದ ಗಡಿ. ನದಿಯ ಉತ್ತರ ದಡದ ರಿವರಿನಾ ಸೀಮೆ ಇರುವುದು ನ್ಯೂ ಸೌತ್ ವೇಲ್ಸಿನಲ್ಲಿ, ಆದರೆ ಅಲ್ಲಿಗೆ ಸಿಡ್ನಿಗಿಂತ ಮೆಲ್ಬರ್ನ್ ಹತ್ತಿರ. ಉಣ್ಣೆ, ಗೋಧಿ, ಕುರಿ ಎಲ್ಲ ದಕ್ಷಿಣಕ್ಕೆ ಇಳಿಯುವುದೇ ಸಲೀಸು. ವಿಕ್ಟೋರಿಯಾವೋ ತನ್ನ ಕಾರ್ಖಾನೆ ಮತ್ತು ರೈತರನ್ನು ಕಾಯಲಿಕ್ಕೆ ಆಮದಿನ ಮೇಲೆ ಸುಂಕ ಏರಿಸಿದ ವಸಾಹತು. ನದಿ ದಾಟುವ ಜಾನುವಾರಿಗೂ ಸುಂಕ ಇತ್ತು. ನ್ಯೂ ಸೌತ್ ವೇಲ್ಸ್ ಮುಕ್ತ ವ್ಯಾಪಾರದ ಕಡೆ. ಹೀಗಾಗಿ ನದಿಯುದ್ದಕ್ಕೂ ಸುಂಕದ ಕಟ್ಟೆಗಳು. ಜಿಎಸ್‌ಟಿ ಬರುವ ಮೊದಲು ತಲಪಾಡಿ-ಮಂಜೇಶ್ವರ ಗಡಿಯಲ್ಲಿ ಲಾರಿಗಳು ಕಾಗದಪತ್ರ ಹಿಡಿದು ಸಾಲುಗಟ್ಟುತ್ತಿದ್ದ ವಿಷಯ ಮನೆಯ ಹಿರಿಯರು ಹೇಳಿಯಾರು. ಮಕ್ಕಳಿಗೆ ಅದೇ ಉದಾಹರಣೆ ಸಾಕು.

ಇನ್ನು ಹಳಿ. ನ್ಯೂ ಸೌತ್ ವೇಲ್ಸಿನ ಹಳಿ 4 ಅಡಿ 8½ ಇಂಚು, ವಿಕ್ಟೋರಿಯಾದ್ದು 5 ಅಡಿ 3 ಇಂಚು, ಕ್ವೀನ್ಸ್‌ಲ್ಯಾಂಡ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ್ದು 3 ಅಡಿ 6 ಇಂಚು. ಇದು ಬೇಕೆಂದು ಮಾಡಿದ್ದಲ್ಲ. ಮೊದಲು ಸಿಡ್ನಿಯ ಕಂಪನಿಯ ಎಂಜಿನಿಯರ್ 5 ಅಡಿ 3 ಇಂಚು ಎಂದ, ಉಳಿದವರು ಒಪ್ಪಿದರು, ವಿಕ್ಟೋರಿಯಾ ಅದೇ ಅಳತೆಯ ಗಾಡಿಗಳಿಗೆ ಆರ್ಡರ್ ಕೊಟ್ಟಿತು. ಅಷ್ಟರಲ್ಲಿ ಸಿಡ್ನಿಗೆ ಹೊಸ ಎಂಜಿನಿಯರ್ ಬಂದ, ಅವನು ಅಳತೆ ಬದಲಿಸಿದ. ಹೇಳಿ ಸರಿಮಾಡಿಸುವ ಅಧಿಕಾರ ಯಾರಿಗೂ ಇರಲಿಲ್ಲ. 1883ರಲ್ಲಿ ಎರಡೂ ಹಳಿಗಳು ಆಲ್ಬರಿಯಲ್ಲಿ ಸೇರಿದಾಗ ಪ್ರಯಾಣಿಕರು ಇಳಿದು ಇನ್ನೊಂದು ರೈಲು ಹತ್ತಬೇಕಾಯಿತು, ಸರಕನ್ನು ಒಂದು ವ್ಯಾಗನ್ನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಾಯಿತು. ಕೇರಳದ ಕಡೆಯಿಂದ ಬ್ರಾಡ್‌ಗೇಜ್, ಹಾಸನದ ಕಡೆಯಿಂದ ಮೀಟರ್‌ಗೇಜ್ ಬರುತ್ತಿದ್ದ ಕಾಲದ ಮಂಗಳೂರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐವತ್ತು ವರ್ಷ ಮೊದಲು ಯಾಕೆ ಆಗಲಿಲ್ಲ ಎಂದು ಕೇಳಿದ್ದೀರಿ. 1840ರ ದಶಕದ ಕೊನೆಗೆ ಲಂಡನ್ನಿನ ವಸಾಹತು ಮಂತ್ರಿ ಅರ್ಲ್ ಗ್ರೇ ಎಲ್ಲಕ್ಕೂ ಮೇಲೊಂದು ಸಭೆ ಮಾಡುವ ಎಂದ. ಆದರೆ ವಿಕ್ಟೋರಿಯಾ ಆಗಷ್ಟೇ ಸಿಡ್ನಿಯಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿತ್ತು, 1851ರಲ್ಲಿ ಬೇರೆಯಾಯಿತು. ಪಾಲು ಪಡೆದು ಹೊರಬಂದ ಮನೆ ಮರುದಿನವೇ ಕೂಡಿ ಬಾಳುವ ಮಾತು ಕೇಳುತ್ತದೆಯೇ? ಅಲ್ಲದೆ ಆಗ ಗಡಿ ದಾಟುವ ರೈಲೂ ಇಲ್ಲ, ಹೇಳಿಕೊಳ್ಳುವಂಥ ಒಳವ್ಯಾಪಾರವೂ ಇಲ್ಲ. ಬೇರೆ ಇರುವುದರ ನಷ್ಟ ದಿನನಿತ್ಯದ ಲೆಕ್ಕದಲ್ಲಿ ಕಾಣತೊಡಗಿದ್ದು 1880ರ ನಂತರ. 1893ರಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಬಾಗಿಲು ಹಾಕಿದ ಮೇಲೆ ಅದು ಎಲ್ಲರ ಕಿಸೆಗೂ ತಟ್ಟಿತು. ಅದೇ ವರ್ಷ ಮರ್ರೆ ದಡದ ಕೊರೋವಾ ಎಂಬ ಗಡಿ ಊರಿನಲ್ಲಿ ಸಭೆ ಸೇರಿ, ಜಾನ್ ಕ್ವಿಕ್ ಎಂಬ ವಕೀಲರು ಒಂದು ಠರಾವು ಮಂಡಿಸಿದರು: ಪ್ರತಿನಿಧಿಗಳನ್ನು ಜನರೇ ಆರಿಸಲಿ, ಅವರು ಸಂವಿಧಾನ ಬರೆಯಲಿ, ಅದು ಮತ್ತೆ ಜನರ ಓಟಿಗೆ ಬರಲಿ. 1891ರಲ್ಲಿ ಮುಖಂಡರೇ ಕುಳಿತು ಬರೆದ ಕರಡು ಶಾಸನಸಭೆಗಳ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ದಾರಿ ತೆರೆದದ್ದು ಈ ಠರಾವು.

ಈಗ ನಿಜವಾದ ಗಂಟು. ವಸಾಹತುಗಳ ಬೊಕ್ಕಸ ನಡೆಯುತ್ತಿದ್ದುದೇ ಬಹುಪಾಲು ಸುಂಕದಿಂದ. ಒಳಗಡಿಯ ಸುಂಕ ತೆಗೆದು ಹೊರಗಡಿಯದ್ದನ್ನು ಕೇಂದ್ರಕ್ಕೆ ಕೊಟ್ಟರೆ ಕೇಂದ್ರದಲ್ಲಿ ಹಣ ಹೆಚ್ಚು, ಖರ್ಚು ಕಡಿಮೆ. ರಾಜ್ಯಗಳಲ್ಲಿ ಶಾಲೆ, ರೈಲು, ಪೊಲೀಸಿನ ಖರ್ಚು ಹಾಗೇ ಉಂಟು, ಹಣ ಇಲ್ಲ. ಇದಕ್ಕೆ ಟಾಸ್ಮೇನಿಯಾದ ಬ್ರಾಡನ್ ಸೂಚಿಸಿದ್ದೇ 87ನೇ ವಿಧಿ: ಸುಂಕ ಮತ್ತು ಅಬಕಾರಿಯ ನಿವ್ವಳ ಹಣದಲ್ಲಿ ಕೇಂದ್ರ ತನಗಾಗಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಮುಕ್ಕಾಲು ಪಾಲು ರಾಜ್ಯಗಳದ್ದು. ನಮ್ಮಲ್ಲಿ ಜಿಎಸ್‌ಟಿ ತರುವಾಗ ರಾಜ್ಯಗಳಿಗೆ ಐದು ವರ್ಷ ವರಮಾನದಲ್ಲಿ ಶೇ. 14ರ ಏರಿಕೆಯ ಭರವಸೆ ಕೊಟ್ಟು ಒಪ್ಪಿಸಿದ್ದು ಇದೇ ಜಾತಿಯ ಏರ್ಪಾಡು. ತೆರಿಗೆ ಹಾಕುವ ಹಕ್ಕು ಬಿಡಿ ಎಂದು ಕೇಳುವವರು ಮೊದಲು ಬೊಕ್ಕಸದ ಹೊಂಡ ತುಂಬುವ ಲೆಕ್ಕ ಕೊಡಬೇಕು.

ಆದರೂ ಒಂದೇ ಸಲಕ್ಕೆ ಆಗಲಿಲ್ಲ. 1898ರಲ್ಲಿ ನಾಲ್ಕು ವಸಾಹತುಗಳು ಓಟು ಹಾಕಿದವು. ನ್ಯೂ ಸೌತ್ ವೇಲ್ಸಿನಲ್ಲಿ ಪರ 71,595, ವಿರುದ್ಧ 66,228. ಬಹುಮತ ಬಂತು, ಆದರೆ ಅಲ್ಲಿನ ಕಾಯ್ದೆ ಪರ ಮತ ಕನಿಷ್ಠ 80,000 ಕೇಳಿತ್ತು, ಬಿದ್ದುಹೋಯಿತು. 1899ರ ಆರಂಭದಲ್ಲಿ ವಸಾಹತುಗಳ ಪ್ರಧಾನಿಗಳು (ಈಗಿನ ಮುಖ್ಯಮಂತ್ರಿಗಳಂಥವರು) ಮೆಲ್ಬರ್ನಿನಲ್ಲಿ ಬಾಗಿಲು ಮುಚ್ಚಿ ಕುಳಿತರು. ಬ್ರಾಡನ್ ವಿಧಿಗೆ ಹತ್ತು ವರ್ಷದ ಮಿತಿ ಬಂತು. ರಾಜಧಾನಿ ನ್ಯೂ ಸೌತ್ ವೇಲ್ಸಿನೊಳಗೆ ಇರಬೇಕು, ಆದರೆ ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರ. ಅದು ಸಿದ್ಧವಾಗುವವರೆಗೆ ಸಂಸತ್ತು ಮೆಲ್ಬರ್ನಿನಲ್ಲಿ. ಕ್ಯಾನ್‌ಬೆರಾ ಹುಟ್ಟಿದ್ದು ಈ ಚೌಕಾಸಿಯಿಂದ. ಆಮೇಲೆ ಓಟು 1,07,420ಕ್ಕೆ 82,741. ಕೊನೆಯವನಾಗಿ ಪಶ್ಚಿಮ ಆಸ್ಟ್ರೇಲಿಯಾ 1900ರ ಜುಲೈ 31ರಂದು ಓಟು ಹಾಕಿತು, ಆಗಲೇ ಲಂಡನ್ನಿನಲ್ಲಿ ಕಾಯ್ದೆ ಪಾಸಾಗಿತ್ತು! ಒಕ್ಕೂಟ ಹುಟ್ಟಿದ್ದು 1901ರ ಜನವರಿ 1ರಂದು.

ನ್ಯೂಜಿಲೆಂಡ್ 1890ರ ಸಮ್ಮೇಳನಕ್ಕೂ 1891ರದ್ದಕ್ಕೂ ಬಂದಿತ್ತು. ಅಲ್ಲಿನ ಜಾನ್ ಹಾಲ್ 1890ರಲ್ಲೇ ಹೇಳಿದ ಮಾತಿನ ಸಾರ: ನಡುವೆ 1,200 ಮೈಲಿ ಸಮುದ್ರ, ಅಂದರೆ 1,200 ಅಡ್ಡಿ. ಅವರಿಗೆ ಸುಂಕದ ನದಿಯೂ ಇಲ್ಲ, ಹಳಿಯ ಗೋಳೂ ಇಲ್ಲ. 1882ರಿಂದ ಶೈತ್ಯಾಗಾರದ ಹಡಗಿನಲ್ಲಿ ಮಾಂಸ ನೇರ ಇಂಗ್ಲೆಂಡಿಗೆ ಹೋಗುತ್ತಿತ್ತು. ಹೊರಗೆ ಉಳಿದದ್ದರಿಂದ ಅವರ ದಿನದ ಲೆಕ್ಕದಲ್ಲಿ ನಷ್ಟ ಕಾಣಲಿಲ್ಲ.

ಕೋಟೆ_ಬಾಗಿಲು:

ಧಕ್ಕೆಯವರ ಸುಂಕದ ಲೆಕ್ಕ ಸರಿ, ಆದರೆ ಭಯವನ್ನು ಅಷ್ಟು ಬದಿಗೆ ಸರಿಸಬಾರದು. 1883ರಲ್ಲಿ ಕ್ವೀನ್ಸ್‌ಲ್ಯಾಂಡ್ ತಾನೇ ಹೋಗಿ ನ್ಯೂಗಿನಿಯ ಪೂರ್ವಭಾಗಕ್ಕೆ ಬಾವುಟ ನೆಟ್ಟಿತು, ಲಂಡನ್ ಅದನ್ನು ಒಪ್ಪಲಿಲ್ಲ. ಮರುವರ್ಷ ಜರ್ಮನಿ ಬಂದು ಈಶಾನ್ಯ ಭಾಗ ಹಿಡಿಯಿತು. ಬಿಡಿಬಿಡಿಯಾಗಿ ಕೂಗಿದರೆ ಲಂಡನ್ನಿಗೆ ಕೇಳುವುದಿಲ್ಲ ಎಂದು ಆಗ ಗೊತ್ತಾಯಿತು. 1889ರಲ್ಲಿ ಮೇಜರ್ ಜನರಲ್ ಬೆವನ್ ಎಡ್ವರ್ಡ್ಸ್ ಆರೂ ವಸಾಹತುಗಳ ಪಡೆಗಳನ್ನು ನೋಡಿ ವರದಿ ಕೊಟ್ಟ: ಪಡೆಗಳು ಒಂದೇ ಆಜ್ಞೆಯ ಕೆಳಗೆ ಬರಬೇಕು, ಹಳಿಯ ಅಳತೆಯೂ ಒಂದಾಗಬೇಕು. ನ್ಯೂ ಸೌತ್ ವೇಲ್ಸಿನ ಪ್ರಧಾನಿ ಹೆನ್ರಿ ಪಾರ್ಕ್ಸ್ ಅದೇ ವರ್ಷದ ಅಕ್ಟೋಬರ್ 24ರಂದು ಟೆಂಟರ್‌ಫೀಲ್ಡಿನಲ್ಲಿ ಮಾಡಿದ ಹೆಸರಾಂತ ಭಾಷಣದ ಬೆನ್ನೆಲುಬು ಈ ವರದಿಯೇ.

ಭಯದ ಕೆಲಸ ಸ್ಪಷ್ಟವಾಗಿ ಕಾಣುವುದು ಕೆನಡಾದಲ್ಲಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಸುರುವಾಯಿತು. ಆ ಚಳಿಗಾಲದಲ್ಲಿ ಬ್ರಿಟನ್-ಅಮೆರಿಕ ಜಗಳ ಹತ್ತಿಕೊಳ್ಳುವ ಹಾಗಾದಾಗ ಸೈನ್ಯ ಕಳಿಸಬೇಕಿತ್ತು. ಸೇಂಟ್ ಲಾರೆನ್ಸ್ ನದಿ ಹೆಪ್ಪುಗಟ್ಟಿತ್ತು, ಸಮುದ್ರತೀರದಿಂದ ಒಳನಾಡಿಗೆ ಪೂರ್ತಿ ರೈಲು ಇರಲಿಲ್ಲ, ಸೈನಿಕರು ನ್ಯೂ ಬ್ರನ್ಸ್‌ವಿಕ್ಕಿನ ಹಿಮದಲ್ಲಿ ಜಾರುಬಂಡಿಯ ಮೇಲೆ ಹೋದರು. ರೈಲು ಕಟ್ಟುವ ಎಂದರೆ ಒಂದು ವಸಾಹತಿನ ಸಾಲದ ಮಿತಿಗೆ ನಿಲುಕದ ಕೆಲಸ. 1866ರಲ್ಲಿ ಅಮೆರಿಕ ಮುಕ್ತ ವ್ಯಾಪಾರದ ಒಪ್ಪಂದ ಕೊನೆಗೊಳಿಸಿತು. ಅದೇ ವರ್ಷ ಫೀನಿಯನ್ನರು, ಅಂದರೆ ಅಮೆರಿಕದಲ್ಲಿದ್ದ ಐರಿಷ್ ಸ್ವಾತಂತ್ರ್ಯ ಹೋರಾಟಗಾರರು, ಗಡಿ ದಾಟಿ ದಾಳಿ ಮಾಡಿದರು. ನ್ಯೂ ಬ್ರನ್ಸ್‌ವಿಕ್ಕನ್ನು ನೋಡಿ: 1865ರ ಚುನಾವಣೆಯಲ್ಲಿ ಒಕ್ಕೂಟದ ಪರ ಇದ್ದ ಟಿಲ್ಲಿ ಸೋತ, 1866ರಲ್ಲಿ ಗೆದ್ದ. ನಡುವೆ ಬಂದದ್ದು ಫೀನಿಯನ್ ಭಯ.

ಆದರೆ ಧಕ್ಕೆಯವರ ಮಾತಿಗೆ ಪುಷ್ಟಿ ಕೊಡುವ ಭಾಗವೂ ಇಲ್ಲೇ ಉಂಟು. 1864ರಲ್ಲಿ ಕ್ವಿಬೆಕ್‌ನಲ್ಲಿ ಬರೆದ 72 ಠರಾವುಗಳ ಮೇಲೆ ನಿಂತ 1867ರ ಕಾಯ್ದೆಯನ್ನು ಓದಿದರೆ ಒಂದು ಪಾಲುಪಟ್ಟಿ ಓದಿದ ಹಾಗೆ. ಕೆನಡಾ ಪ್ರಾಂತ್ಯದ (ಈಗಿನ ಒಂಟಾರಿಯೊ ಮತ್ತು ಕ್ವಿಬೆಕ್) ಸಾಲದಲ್ಲಿ 6 ಕೋಟಿ 25 ಲಕ್ಷ ಡಾಲರ್‌ವರೆಗೆ, ನೋವಾ ಸ್ಕೋಷಿಯಾದ್ದು 80 ಲಕ್ಷ, ನ್ಯೂ ಬ್ರನ್ಸ್‌ವಿಕ್ಕಿನದು 70 ಲಕ್ಷದವರೆಗೆ ಕೇಂದ್ರದ ತಲೆಗೆ. ಮೀರಿದ್ದಕ್ಕೆ ಆಯಾ ಪ್ರಾಂತ್ಯ ಬಡ್ಡಿ ತೆರಬೇಕು. ಪ್ರತಿ ಪ್ರಾಂತ್ಯಕ್ಕೆ ವರ್ಷಕ್ಕೆ ತಲೆಗೆ 80 ಸೆಂಟ್. ತೀರದಿಂದ ಒಳನಾಡಿಗೆ ರೈಲು ಕಟ್ಟುವುದು ಸಂವಿಧಾನದ 145ನೇ ವಿಧಿಯಲ್ಲೇ ಬರೆದ ಕರ್ತವ್ಯ. ರೈಲಿನ ಕೆಲಸ ಸುರು ಮಾಡುವ ಗಡುವನ್ನು ಸಂವಿಧಾನದಲ್ಲಿ ಬರೆದ ದೇಶ ಎಂದರೆ ಮಕ್ಕಳು ಮರೆಯಲಿಕ್ಕಿಲ್ಲ.

ನೋವಾ ಸ್ಕೋಷಿಯಾದಲ್ಲೋ ಜನರನ್ನು ಕೇಳಲೇ ಇಲ್ಲ, ಶಾಸನಸಭೆ ಒಪ್ಪಿಬಿಟ್ಟಿತು. ಫಲ ಏನೆಂದರೆ 1867ರ ಮೊದಲ ಚುನಾವಣೆಯಲ್ಲಿ ಅಲ್ಲಿನ 19 ಸ್ಥಾನಗಳಲ್ಲಿ 18 ಒಕ್ಕೂಟದ ವಿರೋಧಿಗಳಿಗೆ. ವಿರೋಧಿಗಳ ಮುಖಂಡ ಜೋಸೆಫ್ ಹೌ ಲಂಡನ್ನಿಗೆ ಹೋಗಿ ಬಿಡಿಸಿಕೊಡಿ ಎಂದು ಕೇಳಿದ, ಅವರು ಒಪ್ಪಲಿಲ್ಲ. 1869ರಲ್ಲಿ ಸಾಲದ ಮಿತಿ ಏರಿಸಿ, ಹತ್ತು ವರ್ಷ ಹೆಚ್ಚುವರಿ ಅನುದಾನ ಕೊಟ್ಟು ಸಮಾಧಾನ ಮಾಡಿದರು. ಪ್ರಿನ್ಸ್ ಎಡ್ವರ್ಡ್ ದ್ವೀಪ ಮೊದಲು ಬೇಡ ಎಂದಿತು, ತನ್ನದೇ ರೈಲಿನ ಸಾಲ ಕುತ್ತಿಗೆಗೆ ಬಂದಾಗ 1873ರಲ್ಲಿ ಸೇರಿತು. ನ್ಯೂಫೌಂಡ್‌ಲ್ಯಾಂಡ್ 1869ರಲ್ಲಿ ಬೇಡ ಎಂದಿತ್ತು, ಆಮೇಲೆ ಎರಡು ಜನಮತಗಣನೆ ಕಂಡು, ಶೇ. 52.3 ಓಟಿನಲ್ಲಿ, 1949ರ ಮಾರ್ಚ್ 31ರಂದು ಒಳಗೆ ಬಂತು.

ಗುಡ್ಡೆಯಂಗಡಿ:

ನಮ್ಮ ಕರ್ನಾಟಕದ ಏಕೀಕರಣವನ್ನೂ ಇದಕ್ಕೆ ಉದಾಹರಣೆ ಕೊಡಬಹುದಾ? ದಕ್ಷಿಣ ಕನ್ನಡ ಮದ್ರಾಸಿನಿಂದ ಬಂದದ್ದಲ್ವಾ?

ಕೋಟೆ_ಬಾಗಿಲು:

ಬೇಡ, ಮಕ್ಕಳಿಗೆ ಗೊಂದಲ ಆಗ್ತದೆ. 1956ರ ನವೆಂಬರ್ 1ರಂದು ಆದದ್ದು ಸಂಸತ್ತಿನ ಕಾಯ್ದೆಯಿಂದ, ಆಗಲೇ ಇದ್ದ ದೇಶದ ಒಳಗೆ ಗಡಿ ಬದಲಿಸಿದ್ದು. ಇಲ್ಲಿ ಯಾರೂ ಜನಮತಗಣನೆ ಮಾಡಲಿಲ್ಲ. ಮಾಡಿದ್ದರೆ ಕಾಸರಗೋಡಿನ ಮಾತೇ ಬೇರೆ ಆಗುತ್ತಿತ್ತೋ ಎಂದು ಇಂದಿಗೂ ಚರ್ಚೆ ಉಂಟು. ವಸಾಹತುಗಳು ತಾವೇ ಚೌಕಾಸಿ ಮಾಡಿ ಹೊಸ ಕೇಂದ್ರವನ್ನು ಹುಟ್ಟಿಸುವುದು ಬೇರೆ ಕ್ರಿಯೆ. ಹಾಗೆಯೇ 1914ರ ನೈಜೀರಿಯಾವನ್ನೂ ಹೊರಗಿಡಿ. ಉತ್ತರದ ಬೊಕ್ಕಸದ ಕೊರತೆಯನ್ನು ದಕ್ಷಿಣದ ಸುಂಕದಿಂದ ತುಂಬಿಸುವ ಸಲುವಾಗಿ ಬ್ರಿಟಿಷರೇ ಎರಡನ್ನು ಹೊಲಿದರು, ಅಲ್ಲಿನವರನ್ನು ಕೇಳಿದವರಿಲ್ಲ.

ಸೀತಾನದಿ:

ವೆಸ್ಟ್ ಇಂಡೀಸ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನನ್ನ ಮಟ್ಟಿಗೆ ಕೂಡಿದ ದೇಶಗಳಿಗಿಂತ ಒಡೆದವುಗಳಿಂದಲೇ ಹೆಚ್ಚು ಕಲಿಯಲಿಕ್ಕುಂಟು.

1958ರ ಜನವರಿ 3ರಂದು ಹತ್ತು ಪ್ರದೇಶಗಳ ಒಕ್ಕೂಟ ಆಯಿತು. ಭಾಷೆ ಒಂದೇ, ರಾಣಿ ಒಬ್ಬಳೇ, ಕ್ರಿಕೆಟ್ ತಂಡವೂ ಒಂದೇ. ಆದರೆ ಒಪ್ಪಂದದ ಒಳಗೆ ಏನಿತ್ತು? ಮೊದಲ ಐದು ವರ್ಷ ಕೇಂದ್ರಕ್ಕೆ ಆದಾಯ ತೆರಿಗೆ ಹಾಕುವ ಅಧಿಕಾರ ಇಲ್ಲ, ಪ್ರದೇಶಗಳು ಕೊಡುವ ವಂತಿಗೆಯಲ್ಲಿ ನಡೆಯಬೇಕು. ಸುಂಕದ ಒಕ್ಕೂಟ ಮುಂದೆ ನೋಡುವ ಎಂದು ಬಿಟ್ಟರು. ಒಂದು ದ್ವೀಪದವರು ಇನ್ನೊಂದಕ್ಕೆ ಹೋಗಿ ದುಡಿಯುವ ಸ್ವಾತಂತ್ರ್ಯವನ್ನೂ ಮುಂದೂಡಿದರು. ಅಂದರೆ ಒಂದಾದ ಮರುದಿನ ಮೀನುಗಾರನಿಗೆ, ಅಂಗಡಿಯವನಿಗೆ ಬದಲಾದದ್ದು ಎಂತ? ಎಂತದೂ ಇಲ್ಲ. ಆಸ್ಟ್ರೇಲಿಯಾ ಸಂವಿಧಾನದ 92ನೇ ವಿಧಿಯಂಥದ್ದು, ಅಂದರೆ ರಾಜ್ಯಗಳ ನಡುವಿನ ವ್ಯಾಪಾರ ಪೂರ್ತಿ ಮುಕ್ತ ಎನ್ನುವ ಸಾಲು, ಇಲ್ಲಿ ಇರಲೇ ಇಲ್ಲ.

ಸ್ಥಾನಗಳ ಲೆಕ್ಕವೂ ಬಿಗಡಾಯಿಸಿತು. ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಮೈಕಾದಲ್ಲಿ, 45 ಸ್ಥಾನಗಳಲ್ಲಿ ಅದಕ್ಕೆ 17. ಆಸ್ಟ್ರೇಲಿಯಾದಲ್ಲಿ ಸಣ್ಣವರ ಭಯಕ್ಕೆ ಮೇಲ್ಮನೆಯಲ್ಲಿ ಸಮ ಸ್ಥಾನ ಕೊಟ್ಟು, ಕೆಳಮನೆಯನ್ನು ಹೆಚ್ಚುಕಡಿಮೆ ಜನಸಂಖ್ಯೆಯ ಮೇಲೆಯೇ ಬಿಟ್ಟರು. ಇಲ್ಲಿ ಕೆಳಮನೆಯನ್ನೇ ತಿರುಚಿದರು. ಜಮೈಕಾದ ನಾರ್ಮನ್ ಮ್ಯಾನ್ಲಿ, ಟ್ರಿನಿಡಾಡಿನ ಎರಿಕ್ ವಿಲಿಯಮ್ಸ್ ಇಬ್ಬರೂ ಕೇಂದ್ರದ ಚುನಾವಣೆಗೆ ನಿಲ್ಲದೆ ತಮ್ಮ ದ್ವೀಪದಲ್ಲೇ ಉಳಿದರು. ಪ್ರಧಾನಿಯಾದ ಬಾರ್ಬಡೋಸ್‌ನ ಗ್ರಾಂಟ್ಲಿ ಆಡಮ್ಸ್ ಅದೇ ವರ್ಷ, ಐದು ವರ್ಷದ ನಂತರ ಹಿಂದಿನ ತಾರೀಕಿನಿಂದ ತೆರಿಗೆ ಹಾಕಲೂಬಹುದು ಎಂಬ ಮಾತಾಡಿದರು. ಜಮೈಕಾ ಕೆರಳಿತು. 1961ರ ಸೆಪ್ಟೆಂಬರ್ 19ರ ಜನಮತಗಣನೆಯಲ್ಲಿ ಸುಮಾರು ಶೇ. 54 ಮಂದಿ ಬೇಡ ಎಂದರು. ವಿಲಿಯಮ್ಸ್ ಹತ್ತರಲ್ಲಿ ಒಂದು ಕಳೆದರೆ ಉಳಿಯುವುದು ಸೊನ್ನೆ ಎಂದು ಟ್ರಿನಿಡಾಡನ್ನೂ ಹೊರತೆಗೆದರು. 1962ರ ಮೇ 31ಕ್ಕೆ ಒಕ್ಕೂಟ ಮುಗಿಯಿತು.

ಸಿಂಗಾಪುರದ್ದೂ ಸ್ವಲ್ಪ ಇದೇ ದಾರಿ. 1963ರಲ್ಲಿ ಮಲೇಷ್ಯಾ ಸೇರುವಾಗ ತನ್ನಲ್ಲಿ ಸಂಗ್ರಹವಾಗುವ ಕೇಂದ್ರ ತೆರಿಗೆಗಳ ಶೇ. 40 ಕೇಂದ್ರಕ್ಕೆ, ಬದಲಿಗೆ ಸಮಾನ ಮಾರುಕಟ್ಟೆ ಎಂದು ಮಾತಾಗಿತ್ತು. ಮಾರುಕಟ್ಟೆ ತೆರೆಯಲಿಲ್ಲ, ಹಣದ ಪಾಲಿನ ಮೇಲೆ ಜಗಳ, ಅದರ ಮೇಲೆ 1964ರ ಜನಾಂಗೀಯ ಗಲಭೆ. 1965ರ ಆಗಸ್ಟ್ 9ಕ್ಕೆ ಹೊರಗೆ. ಇಲ್ಲಿ ಹಣವೊಂದೇ ಕಾರಣ ಅಲ್ಲ, ಮಲಯ ಮತ್ತು ಚೀನೀ ಸಮುದಾಯಗಳ ನಡುವಿನ ಅಧಿಕಾರದ ಪ್ರಶ್ನೆಯೇ ದೊಡ್ಡದು.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಲೇಬೇಕು. ಒಂದಾಗುವ ಚೌಕಾಸಿಯಲ್ಲಿ ಮೇಜಿನ ಸುತ್ತ ಕುಳಿತವರಿಗೆಲ್ಲ ಏನಾದರೂ ಸಿಗುತ್ತದೆ, ಹೊರಗೆ ನಿಂತವರ ಪಾಲಿನಿಂದ ಅದನ್ನು ಕೊಡುವುದೂ ಉಂಟು. ದಕ್ಷಿಣ ಆಫ್ರಿಕಾದ ನಾಲ್ಕು ವಸಾಹತುಗಳು ರೈಲು ದರ ಮತ್ತು ಸುಂಕದ ಜಗಳ ಬಗೆಹರಿಸಲಿಕ್ಕೆ 1908ರಲ್ಲಿ ಡರ್ಬನ್ನಿನಲ್ಲಿ ಕುಳಿತವು. ರಾಜಧಾನಿಯ ಜಗಳಕ್ಕೆ ಮೂರು ಊರು ಹಂಚಿಕೊಂಡವು: ಪ್ರಿಟೋರಿಯಾದಲ್ಲಿ ಆಡಳಿತ, ಕೇಪ್‌ಟೌನಿನಲ್ಲಿ ಸಂಸತ್ತು, ಬ್ಲೂಮ್‌ಫಾಂಟೈನ್‌ನಲ್ಲಿ ನ್ಯಾಯಾಲಯ. ಕೇಪ್‌ನಲ್ಲಿ ಕೆಲವು ಕಪ್ಪು ಜನರಿಗಿದ್ದ ಓಟು ಕೇಪ್‌ಗೆ ಮಾತ್ರ ಉಳಿಯಿತು, ಉಳಿದ ಮೂರಕ್ಕೆ ಹಬ್ಬಲಿಲ್ಲ, ಸಂಸತ್ತಿಗೆ ಆರಿಸಿಬರುವ ಹಕ್ಕು ಬಿಳಿಯರಿಗೆ ಮಾತ್ರ ಎಂದಾಯಿತು. ಒಕ್ಕೂಟ ಹುಟ್ಟಿದ್ದು 1910ರಲ್ಲಿ, 1913ರಲ್ಲೇ ಕಪ್ಪು ಜನರ ಭೂಮಿ ಕಸಿಯುವ ಕಾಯ್ದೆ. ಆಸ್ಟ್ರೇಲಿಯಾದ ಸಂವಿಧಾನದ 127ನೇ ವಿಧಿಯ ಪ್ರಕಾರ ಜನಸಂಖ್ಯೆ ಎಣಿಸುವಾಗ ಮೂಲನಿವಾಸಿಗಳನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಅದು ಹೋದದ್ದು 1967ರಲ್ಲಿ. ಹೊಸ ಸಂಸತ್ತು 1901ರಲ್ಲಿ ಮಾಡಿದ ಆರಂಭದ ಕಾಯ್ದೆಗಳಲ್ಲಿ ಒಂದು, ಬೇಡದ ವಲಸಿಗರಿಗೆ ಯುರೋಪಿನ ಯಾವುದೋ ಭಾಷೆಯಲ್ಲಿ 50 ಪದದ ಉಕ್ತಲೇಖನ ಬರೆಸಿ ನಪಾಸು ಮಾಡಿ ತಡೆಯುವುದು. "ರಾಷ್ಟ್ರೀಯ ಭಾವನೆ" ಎಂದು ಟಿಪ್ಪಣಿಯಲ್ಲಿ ಬರೆಯುವಾಗ ಇದನ್ನೂ ಬರೆಯಬೇಕು.

ಶಂಕರಪುರ_ಮಲ್ಲಿಗೆ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ನಮಗೆ ಇರುವುದು 40 ನಿಮಿಷ, 30 ಮಕ್ಕಳು. ಭಾಷಣದ ಬದಲು ಚೌಕಾಸಿಯನ್ನೇ ಮಾಡಿಸಬಹುದಾ? ಹೇಗೆ?

ಬಂದರು_ಧಕ್ಕೆ:

ಧಾರಾಳ ಮಾಡಬಹುದು. ಐದೈದು ಮಕ್ಕಳ ಆರು ಗುಂಪು ಮಾಡಿ, ಒಂದೊಂದಕ್ಕೆ ಒಂದು ಕಾರ್ಡು. 1901ರ ಜನಸಂಖ್ಯೆ ಬರೆಯಿರಿ: ನ್ಯೂ ಸೌತ್ ವೇಲ್ಸ್ 13 ಲಕ್ಷ 55 ಸಾವಿರ, ವಿಕ್ಟೋರಿಯಾ 12 ಲಕ್ಷ, ಕ್ವೀನ್ಸ್‌ಲ್ಯಾಂಡ್ 5 ಲಕ್ಷಕ್ಕೆ ಸ್ವಲ್ಪ ಕಡಿಮೆ, ದಕ್ಷಿಣ ಆಸ್ಟ್ರೇಲಿಯಾ 3 ಲಕ್ಷ 63 ಸಾವಿರ, ಪಶ್ಚಿಮ ಆಸ್ಟ್ರೇಲಿಯಾ 1 ಲಕ್ಷ 84 ಸಾವಿರ, ಟಾಸ್ಮೇನಿಯಾ 1 ಲಕ್ಷ 72 ಸಾವಿರ. ಇವು ಮೂಲನಿವಾಸಿಗಳನ್ನು ಬಿಟ್ಟ ಲೆಕ್ಕ ಎಂದು ಕಾರ್ಡಿನ ಮೇಲೇ ನಮೂದಿಸಿ, ಸೀತಾನದಿಯವರ ಮಾತು ತಾನಾಗಿ ಬರುತ್ತದೆ. ಜನಸಂಖ್ಯೆಯ ಕೆಳಗೆ ಹಳಿಯ ಅಳತೆ, ಸುಂಕದ ಧೋರಣೆ.

ಮೊದಲ 10 ನಿಮಿಷ ಒಂದೇ ಪ್ರಶ್ನೆ ಕೊಡಿ: ಸುಂಕದ ಹಣ ಯಾರಿಗೆ, ಎಷ್ಟು, ಎಷ್ಟು ವರ್ಷ? ಇದನ್ನು ಬಿಟ್ಟು ಹೆಸರು, ಬಾವುಟದಿಂದ ಸುರು ಮಾಡಿದರೆ ಸಮಯ ಅಲ್ಲೇ ಮುಗಿಯುತ್ತದೆ. ಮುಂದಿನ 10 ನಿಮಿಷ ಸ್ಥಾನಗಳು. ನಿಜವಾಗಿ ಆದದ್ದನ್ನು ಆಮೇಲೆ ತೋರಿಸಿ: ಮೇಲ್ಮನೆಯಲ್ಲಿ ತಲಾ 6, ಕೆಳಮನೆಯ 75ರಲ್ಲಿ ಕ್ರಮವಾಗಿ 26, 23, 9, 7, 5, 5. ಕೊನೆಯ ಎರಡಕ್ಕೆ ಜನಸಂಖ್ಯೆಯ ಪ್ರಕಾರ ಅಷ್ಟು ಬರುವುದಿಲ್ಲ, ಯಾವ ರಾಜ್ಯಕ್ಕೂ 5ಕ್ಕಿಂತ ಕಡಿಮೆ ಇಲ್ಲ ಎಂಬ ಮಾತು 24ನೇ ವಿಧಿಯಲ್ಲಿ ಉಂಟು. ಆಮೇಲೆ ರಾಜಧಾನಿ, ಕೊನೆಗೆ ಓಟು.

ಪಶ್ಚಿಮ ಆಸ್ಟ್ರೇಲಿಯಾದ ಕಾರ್ಡನ್ನು ಚುರುಕಾದ ಮಕ್ಕಳಿಗೆ ಕೊಡಿ, ಅತಿ ಕಷ್ಟದ್ದು ಅದೇ. ಪೂರ್ವಕ್ಕೆ ರೈಲಿಲ್ಲ, ನಡುವೆ ಮರುಭೂಮಿ, ಬೊಕ್ಕಸ ಬಹುಮಟ್ಟಿಗೆ ಸುಂಕದ ಮೇಲೆ. ಅದಕ್ಕೆ 95ನೇ ವಿಧಿಯಲ್ಲಿ ಐದು ವರ್ಷ ಸ್ವಂತ ಸುಂಕ ಬಿಟ್ಟರು, ವರ್ಷಕ್ಕೆ ಐದನೇ ಒಂದು ಪಾಲು ಇಳಿಸುತ್ತಾ. ಪ್ರಧಾನಿ ಜಾನ್ ಫಾರೆಸ್ಟ್ ಆದರೂ ಹಿಂದೆಮುಂದೆ ನೋಡುತ್ತಿದ್ದ. ಆಗ ಕಾಲ್ಗೂರ್ಲಿ ಕಡೆಯ ಚಿನ್ನದ ಗಣಿಗಳಲ್ಲಿ ತುಂಬಿದ್ದ ಪೂರ್ವದ ವಲಸೆಗಾರರು, ಪಶ್ಚಿಮ ಆಸ್ಟ್ರೇಲಿಯಾ ಸೇರದಿದ್ದರೆ ಗಣಿ ಸೀಮೆಯನ್ನೇ ಬೇರೆ ವಸಾಹತು ಮಾಡಿಕೊಡಿ ಎಂದು ರಾಣಿಗೆ ಮನವಿ ಕಳಿಸಿದರು. ಓಟು ಪರ 44,800, ವಿರುದ್ಧ 19,691. ಪೂರ್ವದಿಂದ ರೈಲು ಬರುತ್ತದೆ ಎಂದು ನಂಬಿ ಸೇರಿದರು, ಆದರೆ ಆ ಮಾತು ಕೆನಡಾದ ಹಾಗೆ ಸಂವಿಧಾನದಲ್ಲಿ ಬರೆದಿರಲಿಲ್ಲ. ರೈಲು ಬಂದದ್ದು 1917ರಲ್ಲಿ. 1933ರಲ್ಲಿ ಅದೇ ರಾಜ್ಯ ಮೂರರಲ್ಲಿ ಎರಡು ಪಾಲು ಓಟಿನಿಂದ ಬಿಟ್ಟುಹೋಗುತ್ತೇವೆ ಎಂದಿತು. 1935ರಲ್ಲಿ ಲಂಡನ್ ಮನವಿಯನ್ನು ಸ್ವೀಕರಿಸಲೇ ಇಲ್ಲ. ಹಿಂದುಳಿದ ರಾಜ್ಯಗಳಿಗೆ ಎಷ್ಟು ಅನುದಾನ ಎಂದು ಲೆಕ್ಕ ಹಾಕುವ ಆಯೋಗವನ್ನು ಕೇಂದ್ರ 1933ರಲ್ಲೇ ಮಾಡಿತ್ತು.

ಆ ಗುಂಪಿನ ಮಕ್ಕಳು ರೈಲಿನ ಮಾತನ್ನು ಬರೆಸಿಕೊಳ್ಳುತ್ತಾರಾ, ಬಾಯಿಮಾತಿಗೆ ಬಿಡುತ್ತಾರಾ ನೋಡಿ.